ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್: ಎರಡು ದಶಕಗಳ ನಿರಂತರ ದುರಸ್ತಿ

ಗಣಕಯಂತ್ರದಲ್ಲಿ ಎಸ್‌ಕ್ಯೂಲೈಟ್ ಬಗೆಯ ದತ್ತಸಂಚಯಗಳನ್ನು, ಎಂದರೆ ಡಾಟಾಬೇಸ್‌ಗಳನ್ನು ತೆರೆದು ನೋಡಲು, ತಿದ್ದಲು ಹಾಗೂ ಹೊಸದಾಗಿ ರಚಿಸಲು ನೆರವಾಗುವ ಮುಕ್ತ ತಂತ್ರಾಂಶವೇ 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್'. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲಿಯೂ ಕೆಲಸ ಮಾಡುವ ಇದು ಸಂಪೂರ್ಣ ಉಚಿತ. ಇದನ್ನು ರೂಪಿಸಿದವರೂ ಕಾಪಾಡಿಕೊಂಡು ಬಂದವರೂ ಬಹುಮಟ್ಟಿಗೆ ಸ್ವಯಂಸೇವಕರು. ಹಲವು ಕೈ ಬದಲಿಸಿ, ಹೆಸರು ಬದಲಿಸಿ, ಒಮ್ಮೆ ಮೂರು ವರ್ಷಗಳಷ್ಟು ಕಾಲ ಹೊಸ ಆವೃತ್ತಿಯಿಲ್ಲದೆ ಉಳಿದು ಮತ್ತೆ ಚೇತರಿಸಿಕೊಂಡ ಈ ತಂತ್ರಾಂಶದ ಚರಿತ್ರೆಯು, ದೋಷ ತಿದ್ದುವ ಕಾರ್ಯ ಏಕೆ ಎಂದಿಗೂ ಮುಗಿಯದು ಎಂಬುದಕ್ಕೆ ಒಳ್ಳೆಯ ನಿದರ್ಶನ.

ಎಲ್ಲೆಡೆ ಇರುವ ಎಸ್‌ಕ್ಯೂಲೈಟ್

ಅಮೆರಿಕದ ರಿಚರ್ಡ್ ಹಿಪ್ ಅವರು ಎಸ್‌ಕ್ಯೂಲೈಟ್ ಅನ್ನು 2000ದಲ್ಲಿ ರಚಿಸಿದರು. ಅಮೆರಿಕದ ನೌಕಾಪಡೆಯ ಯುದ್ಧನೌಕೆಗಾಗಿ ಸಿದ್ಧವಾಗುತ್ತಿದ್ದ ತಂತ್ರಾಂಶದ ಕೆಲಸದಲ್ಲಿ ತೊಡಗಿದ್ದಾಗ ಈ ಕಲ್ಪನೆ ಹುಟ್ಟಿತು. ಇತರ ದತ್ತಸಂಚಯಗಳಿಗೆ ಪ್ರತ್ಯೇಕ ಸರ್ವರ್, ಅದನ್ನು ನೋಡಿಕೊಳ್ಳುವ ನಿರ್ವಾಹಕ ಬೇಕು. ಎಸ್‌ಕ್ಯೂಲೈಟ್‌ಗೆ ಅದಾವುದೂ ಬೇಡ. ಇಡೀ ದತ್ತಸಂಚಯ ಒಂದೇ ಕಡತದಲ್ಲಿ ಅಡಗಿರುತ್ತದೆ. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಒಳಗೆ, ಫೈರ್‌ಫಾಕ್ಸ್ ಹಾಗೂ ಕ್ರೋಮ್ ಬ್ರೌಸರ್‌ಗಳು ಭೇಟಿ ನೀಡಿದ ತಾಣಗಳನ್ನು ನೆನಪಿಡುವಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆಪ್ ಸಂದೇಶಗಳನ್ನು ಉಳಿಸಿಡುವಲ್ಲಿ ಇದೇ ಬಳಕೆಯಲ್ಲಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶಗಳ ದೀರ್ಘಕಾಲೀನ ಸಂರಕ್ಷಣೆಗೆ ಶಿಫಾರಸು ಮಾಡಿರುವ ಕಡತ ಮಾದರಿಗಳಲ್ಲಿ ಎಸ್‌ಕ್ಯೂಲೈಟ್ ಕೂಡ ಒಂದು.

ಆದರೆ ಎಸ್‌ಕ್ಯೂಲೈಟ್ ಕೇವಲ ಒಂದು ಯಂತ್ರ. ಅದಕ್ಕೆ ಕಿಟಕಿ, ಗುಂಡಿ, ಪರದೆ ಯಾವುದೂ ಇಲ್ಲ. ಎಸ್‌ಕ್ಯೂಎಲ್ ಭಾಷೆ ಬಲ್ಲವರು ಆದೇಶಗಳನ್ನು ಬೆರಳಚ್ಚಿಸಿ ಅದರೊಡನೆ ವ್ಯವಹರಿಸಬೇಕು. ಸಂಶೋಧಕರು, ಪತ್ರಕರ್ತರು, ವಿದ್ಯಾರ್ಥಿಗಳು, ಸಣ್ಣ ಕಚೇರಿಗಳ ಲೆಕ್ಕಿಗರು ಇಂಥವರಿಗೆ ಕೋಷ್ಟಕಗಳನ್ನು ಕಣ್ಣಿಗೆ ಕಾಣುವಂತೆ ತೆರೆದು ತೋರಿಸುವ ಸಾಧನ ಅಗತ್ಯ. ಆ ಕೊರತೆಯನ್ನು ತುಂಬಿದ್ದು ಈ ತಂತ್ರಾಂಶ.

ಹುಟ್ಟು ಮತ್ತು ಹೆಸರಿನ ಬದಲಾವಣೆ

ಬ್ರೆಜಿಲ್‌ನ ಟಬುಲೇರೊ ಸಂಸ್ಥೆಯ ಮೌರಿಸಿಯೊ ಪಿಯಾಸೆಂಟಿನಿ ಇದರ ಮೂಲ ಕರ್ತೃ. ಆ ಸಂಸ್ಥೆ ಮಾರುತ್ತಿದ್ದ ಉತ್ಪನ್ನವೊಂದರ ಜತೆಗೆ ಉಚಿತವಾಗಿ ನೀಡಲು 'ಆರ್ಕಾ ಡಾಟಾಬೇಸ್ ಬ್ರೌಸರ್' ಎಂಬ ಹೆಸರಿನಲ್ಲಿ ಇದು ಸಿದ್ಧವಾಯಿತು. ಅನಂತರ ಸಾಮಾನ್ಯ ಎಸ್‌ಕ್ಯೂಲೈಟ್ ಕಡತಗಳಿಗೆ ಹೊಂದುವಂತೆ ಅದನ್ನು ತಿದ್ದಿ, 'ಎಸ್‌ಕ್ಯೂಲೈಟ್ ಡಾಟಾಬೇಸ್ ಬ್ರೌಸರ್' ಎಂದು ಮರುನಾಮಕರಣ ಮಾಡಿ, ಯಾವ ಹಕ್ಕನ್ನೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು.

ಮೂಲ ಕರ್ತೃವಿನ ಕೈಯಿಂದ ಬಿಡುಗಡೆಯಾದ ತಂತ್ರಾಂಶಗಳು ಅನಾಥವಾಗುವುದು ಸಾಮಾನ್ಯ. ಇದು ಹಾಗಾಗಲಿಲ್ಲ. 2012ರಲ್ಲಿ ಪೀಟ್ ಮಾರ್ಗನ್ ಇದರ ಆಕರ ಸಂಕೇತಗಳನ್ನು ಗಿಟ್‌ಹಬ್‌ನಲ್ಲಿ ಇರಿಸಿದರು. ರೆನೆ ಪೈಂಥೋರ್ ಮತ್ತು ಮಾರ್ಟಿನ್ ಕ್ಲೂಸ್‌ಬರ್ಗ್ ಕೈಜೋಡಿಸಿ ಮುಖ್ಯ ನಿರ್ಮಾಪಕರಾದರು. ಜಸ್ಟಿನ್ ಕ್ಲಿಫ್ಟ್ ಮ್ಯಾಕ್ ಗಣಕಗಳಲ್ಲಿ ಪರೀಕ್ಷೆಗೆ ನೆರವಾದರು.

2014ರ ಆಗಸ್ಟ್‌ನಲ್ಲಿ ರಿಚರ್ಡ್ ಹಿಪ್ ಅವರೇ ಹೆಸರು ಬದಲಿಸುವಂತೆ ಕೋರಿದರು. ಹಳೆಯ ಹೆಸರು ಎಸ್‌ಕ್ಯೂಲೈಟ್‌ನ ಅಧಿಕೃತ ಉತ್ಪನ್ನವೆಂಬ ಭಾವನೆ ಮೂಡಿಸುವಂತಿದ್ದು, ನೆರವು ಕೋರುವವರಲ್ಲಿ ಗೊಂದಲ ಹುಟ್ಟಿಸಿತ್ತು. ಮೊದಲು ಇಟ್ಟ 'ಡಾಟಾಬೇಸ್ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್' ಎಂಬ ಹೆಸರು ಮತ್ತೊಂದು ತಂತ್ರಾಂಶದ ಹೆಸರನ್ನು ಹೋಲುತ್ತಿದ್ದುದರಿಂದ ಸೆಪ್ಟೆಂಬರ್‌ನಲ್ಲಿ ಈಗಿನ ಹೆಸರು ಬಂತು.

ಎರಡು ಗುಂಡಿಗಳ ಮಹತ್ವ

ತಂತ್ರಾಂಶವನ್ನು ತೆರೆದೊಡನೆ ದತ್ತಸಂಚಯದ ರಚನೆ, ಮಾಹಿತಿಯ ವೀಕ್ಷಣೆ, ಆಂತರಿಕ ಸಿದ್ಧತೆಗಳ ಬದಲಾವಣೆ ಮತ್ತು ಎಸ್‌ಕ್ಯೂಎಲ್ ಆದೇಶಗಳ ಚಾಲನೆ ಎಂಬ ನಾಲ್ಕು ಪುಟಗಳು ಕಾಣುತ್ತವೆ. ಮೇಲ್ಪಟ್ಟಿಯಲ್ಲಿ 'ರೈಟ್ ಚೇಂಜಸ್' ಮತ್ತು 'ರಿವರ್ಟ್ ಚೇಂಜಸ್' ಎಂಬ ಎರಡು ಗುಂಡಿಗಳಿವೆ. ಬಳಕೆದಾರ ಮಾಡಿದ ತಿದ್ದುಪಡಿ ಮೊದಲನೆಯದನ್ನು ಒತ್ತುವವರೆಗೆ ಸ್ಥಿರವಾಗುವುದಿಲ್ಲ. ಎರಡನೆಯದನ್ನು ಒತ್ತಿದರೆ ಎಲ್ಲವೂ ಹಿಂದಿನ ಸ್ಥಿತಿಗೆ ಮರಳುತ್ತದೆ.

ಈ ಏರ್ಪಾಡು ಆಕಸ್ಮಿಕ ತಪ್ಪುಗಳಿಂದ ಕಾಪಾಡುತ್ತದೆ, ಆದರೆ ಇದಕ್ಕೊಂದು ಬೆಲೆಯೂ ಇದೆ. ತಿದ್ದುಪಡಿಯನ್ನು ಉಳಿಸದೆ ಕಿಟಕಿಯನ್ನು ಹಾಗೆಯೇ ತೆರೆದಿಟ್ಟರೆ ಕಡತಕ್ಕೆ ಬೀಗ ಬಿದ್ದಿರುತ್ತದೆ. ಅದೇ ಕಡತಕ್ಕೆ ಬರೆಯಲು ಯತ್ನಿಸುವ ಬೇರೊಂದು ತಂತ್ರಾಂಶಕ್ಕೆ 'ಡಾಟಾಬೇಸ್ ಈಸ್ ಲಾಕ್ಡ್' ಎಂಬ ಉತ್ತರ ದೊರೆಯುತ್ತದೆ. ಹೊಸಬರು ದೋಷವೆಂದು ಭಾವಿಸುವ ಇದು ವಾಸ್ತವವಾಗಿ ಎಸ್‌ಕ್ಯೂಲೈಟ್‌ನ ನಿಯಮ. ದೋಷ ಯಾವುದು, ನಿಯಮ ಯಾವುದು ಎಂದು ಬೇರ್ಪಡಿಸುವುದೇ ನಿರ್ವಾಹಕರ ಶ್ರಮದ ದೊಡ್ಡ ಪಾಲು.

ಒಂದು ಸ್ತಂಭ ಅಳಿಸುವುದರ ಹಿಂದಿನ ಕಷ್ಟ

ಕೋಷ್ಟಕದಿಂದ ಒಂದು ಸ್ತಂಭವನ್ನು ತೆಗೆದುಹಾಕುವುದು ನೋಡುವವರಿಗೆ ಸರಳ ಕೆಲಸ. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಸ್ತಂಭದ ಹೆಸರು ಬದಲಿಸುವ ಆದೇಶ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ, 3.25.0 ಆವೃತ್ತಿಯೊಡನೆ. ಸ್ತಂಭ ಅಳಿಸುವ ಆದೇಶಕ್ಕಾಗಿ 2021ರ ಮಾರ್ಚ್‌ವರೆಗೆ, ಎಂದರೆ 3.35.0 ಆವೃತ್ತಿಯವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲೇ ಡಿಬಿ ಬ್ರೌಸರ್ ಈ ಸೌಲಭ್ಯಗಳನ್ನು ಒದಗಿಸಿತ್ತು.

ಅದರ ವಿಧಾನ ಹೀಗಿದೆ: ಬೇಕಾದ ರೂಪದ ಹೊಸ ಕೋಷ್ಟಕವೊಂದನ್ನು ತಾತ್ಕಾಲಿಕ ಹೆಸರಿನಲ್ಲಿ ನಿರ್ಮಿಸುವುದು, ಹಳೆಯದರಿಂದ ಸಾಲುಗಳನ್ನು ನಕಲಿಸುವುದು, ಹಳೆಯದನ್ನು ಅಳಿಸುವುದು, ಕೊನೆಗೆ ಹೊಸದಕ್ಕೆ ಹಳೆಯ ಹೆಸರು ಕೊಡುವುದು. ಕೋಷ್ಟಕಕ್ಕೆ ಅಂಟಿಕೊಂಡಿದ್ದ ಸೂಚಿಗಳು ಮತ್ತು ಟ್ರಿಗರ್‌ಗಳು ಹಳೆಯದರೊಡನೆ ಅಳಿದುಹೋಗುವುದರಿಂದ ಅವನ್ನೂ ಮತ್ತೆ ಕಟ್ಟಬೇಕು. ಇತರ ಕೋಷ್ಟಕಗಳು ಇದರೊಡನೆ ಹೊಂದಿರುವ ಸಂಬಂಧ ಕಡಿಯಬಾರದು. ಇಷ್ಟರಲ್ಲಿ ಒಂದು ಹೆಜ್ಜೆ ತಪ್ಪಿದರೂ ಬಳಕೆದಾರನ ವರ್ಷಗಳ ದತ್ತಾಂಶ ಅಪಾಯಕ್ಕೆ ಸಿಲುಕುತ್ತದೆ. ಬಣ್ಣ ತಪ್ಪಾಗಿ ಕಾಣುವ ದೋಷವನ್ನು ಸಹಿಸಬಹುದು, ಮಾಹಿತಿಯನ್ನು ನುಂಗುವ ದೋಷವನ್ನು ಸಹಿಸಲಾಗದು.

ಅಡಿಪಾಯವೇ ಚಲಿಸಿದಾಗ

ಸರಿಯಾಗಿ ಕೆಲಸ ಮಾಡುತ್ತಿದ್ದ ಭಾಗವೂ ಒಂದು ದಿನ ಕೆಡಬಹುದು. ಎಸ್‌ಕ್ಯೂಲೈಟ್‌ನ 3.25.0 ಮತ್ತು 3.26.0 ಆವೃತ್ತಿಗಳಲ್ಲಿ ಕೋಷ್ಟಕದ ಮರುನಾಮಕರಣದ ರೀತಿಯೇ ಬದಲಾಯಿತು. ಆ ಕೋಷ್ಟಕವನ್ನು ಉಲ್ಲೇಖಿಸುವ ಟ್ರಿಗರ್, ವ್ಯೂ ಮತ್ತು ಸಂಬಂಧಗಳಲ್ಲಿಯೂ ಹೆಸರು ತಾನಾಗಿ ಬದಲಾಗತೊಡಗಿತು. ಮೇಲೆ ವಿವರಿಸಿದ ವಿಧಾನವನ್ನು ನೆಚ್ಚಿಕೊಂಡ ಯಾವುದೇ ತಂತ್ರಾಂಶ ಇಂಥ ಬದಲಾವಣೆಯ ಬಳಿಕ ತನ್ನ ಹೆಜ್ಜೆಗಳನ್ನು ಮತ್ತೆ ಪರಿಶೀಲಿಸಲೇಬೇಕು.

ಇನ್ನೊಂದು ತೊಡಕೂ ಇದೆ. ಎಸ್‌ಕ್ಯೂಲೈಟ್ ಪ್ರತಿ ಕೋಷ್ಟಕದ ವಿವರಣೆಯನ್ನು ಅದನ್ನು ರಚಿಸಿದ ಆದೇಶದ ಪಠ್ಯರೂಪದಲ್ಲಿಯೇ ಇಟ್ಟುಕೊಳ್ಳುತ್ತದೆ. ಕೋಷ್ಟಕವನ್ನು ತಿದ್ದಲು ಡಿಬಿ ಬ್ರೌಸರ್ ಆ ಪಠ್ಯವನ್ನು ಓದಿ ಅರ್ಥೈಸಿಕೊಳ್ಳಬೇಕು. 2020ರ ಜನವರಿಯಲ್ಲಿ ತಾನಾಗಿ ಲೆಕ್ಕ ಹಾಕಿಕೊಳ್ಳುವ ಸ್ತಂಭಗಳು ಬಂದವು. 2021ರ ನವೆಂಬರ್‌ನಲ್ಲಿ ಬಗೆಯ ವಿಷಯದಲ್ಲಿ ಕಟ್ಟುನಿಟ್ಟಾದ 'ಸ್ಟ್ರಿಕ್ಟ್' ಕೋಷ್ಟಕಗಳು ಬಂದವು. ಭಾಷೆಗೆ ಇಂಥ ಹೊಸ ಪದವೊಂದು ಸೇರಿದಾಗಲೆಲ್ಲ ಓದುವವನೂ ಅದನ್ನು ಕಲಿಯಬೇಕಾಗುತ್ತದೆ. ಗುಪ್ತೀಕರಿಸಿದ ಕಡತಗಳಿಗೆ ಬಳಸುವ ಎಸ್‌ಕ್ಯೂಎಲ್‌ಸೈಫರ್ 2018ರಲ್ಲಿ ತನ್ನ 4ನೆಯ ಆವೃತ್ತಿಯಲ್ಲಿ ಪೂರ್ವನಿಗದಿತ ಸಿದ್ಧತೆಗಳನ್ನು ಬದಲಿಸಿತು. ಆದ್ದರಿಂದ ಗುಪ್ತಪದ ಸರಿಯಾಗಿದ್ದರೂ ಸಿದ್ಧತೆ ಹೊಂದದಿದ್ದರೆ ಕಡತ ತೆರೆಯದು. ಇದಕ್ಕಾಗಿ 3 ಅಥವಾ 4ನೆಯ ಆವೃತ್ತಿಯ ಸಿದ್ಧತೆಯನ್ನು ಆರಿಸಿಕೊಳ್ಳುವ ಅವಕಾಶವನ್ನು ಡಿಬಿ ಬ್ರೌಸರ್‌ನಲ್ಲಿ ಕಲ್ಪಿಸಲಾಗಿದೆ.

ಕನ್ನಡದ ಬಳಕೆದಾರರಿಗೆ

ಎಸ್‌ಕ್ಯೂಲೈಟ್ ಪಠ್ಯವನ್ನು ಯುನಿಕೋಡ್‌ನಲ್ಲಿ ಇರಿಸಿಕೊಳ್ಳುವುದರಿಂದ ಕನ್ನಡದ ಮಾಹಿತಿಗೆ ಅಡ್ಡಿಯಿಲ್ಲ. ಆದರೆ ಹಳೆಯ ಫಾಂಟ್ ಆಧಾರಿತ ವಿಧಾನದಲ್ಲಿ ಬೆರಳಚ್ಚಿಸಿದ ಪಟ್ಟಿಗಳನ್ನು ಯುನಿಕೋಡ್‌ಗೆ ಪರಿವರ್ತಿಸದೆ ಆಮದು ಮಾಡಿಕೊಂಡರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಕಾಣುತ್ತವೆ. ಇದು ತಂತ್ರಾಂಶದ ದೋಷವಲ್ಲ. ಸಿಎಸ್‌ವಿ ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಆಮದಿನ ವೇಳೆ ಅದೇ ಸಂಕೇತವಿಧಾನವನ್ನು ಆರಿಸಿಕೊಳ್ಳುವುದು ಕ್ಷೇಮ.

ಅಕಾರಾದಿ ಜೋಡಣೆಯಲ್ಲಿ ಮತ್ತೊಂದು ತೊಡಕು ಎದುರಾಗುತ್ತದೆ. ಎಸ್‌ಕ್ಯೂಲೈಟ್‌ನ ಸಹಜ ಜೋಡಣೆ ಯುನಿಕೋಡ್ ಸಂಖ್ಯೆಗಳ ಕ್ರಮವನ್ನು ಅನುಸರಿಸುತ್ತದೆ. ಕನ್ನಡ ವರ್ಣಮಾಲೆಯಲ್ಲಿ 'ಳ' ಅಕ್ಷರ 'ಹ' ಆದ ಮೇಲೆ ಬರುತ್ತದೆ. ಯುನಿಕೋಡ್ ಪಟ್ಟಿಯಲ್ಲಾದರೋ ಅದು 'ಲ' ಆದ ಕೂಡಲೇ, 'ವ' ಅಕ್ಷರಕ್ಕೂ ಮೊದಲೇ ಇದೆ. ಹೀಗಾಗಿ 'ಕವನ' ಎಂಬುದಕ್ಕಿಂತ ಮೊದಲು 'ಕಳಸ' ಬಂದು ಕುಳಿತುಕೊಳ್ಳುತ್ತದೆ. ನಿಘಂಟು ಅಥವಾ ಹೆಸರುಗಳ ಪಟ್ಟಿ ಸಿದ್ಧಪಡಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಸ್ತಂಭದ ಬಗೆಯೂ ಮುಖ್ಯ. ಬೆಂಗಳೂರಿನ ಎಸ್‌ಟಿಡಿ ಸಂಖ್ಯೆ 080 ಪೂರ್ಣಾಂಕದ ಸ್ತಂಭ ಸೇರಿದರೆ 80 ಆಗಿಬಿಡುತ್ತದೆ, ಮೊದಲ ಸೊನ್ನೆ ಮರಳಿ ಬಾರದು. ದೂರವಾಣಿ, ನೋಂದಣಿ ಸಂಖ್ಯೆಗಳಂಥವನ್ನು ಪಠ್ಯವೆಂದೇ ನಮೂದಿಸಬೇಕು.

ಆವೃತ್ತಿಗಳ ನಡುವಿನ ಮೌನ

ಈ ತಂತ್ರಾಂಶದ 3.10.0 ಆವೃತ್ತಿ 2017ರ ಆಗಸ್ಟ್‌ನಲ್ಲಿ ಬಂದರೆ, ಮರುತಿಂಗಳೇ ತಿದ್ದುಪಡಿಯ 3.10.1 ಬಂತು. 2019ರ ಫೆಬ್ರುವರಿಯಲ್ಲಿ 3.11.0 ಬಿಡುಗಡೆಯಾದಾಗ ಅದೇ ತಿಂಗಳಿನಲ್ಲಿ 3.11.1 ಹಿಂಬಾಲಿಸಿತು. ಕೆಲವೇ ನಿರ್ಮಾಪಕರ ಗಣಕಗಳಲ್ಲಿ ಕಾಣದ ದೋಷ ಅಸಂಖ್ಯ ಬಳಕೆದಾರರ ನಾನಾ ಬಗೆಯ ಯಂತ್ರಗಳಲ್ಲಿ ಕೂಡಲೇ ಬೆಳಕಿಗೆ ಬರುವುದೇ ಇದಕ್ಕೆ ಕಾರಣ.

2020ರ ಜೂನ್‌ನಲ್ಲಿ 3.12.0, 2021ರ ಮೇ ತಿಂಗಳಲ್ಲಿ 3.12.2 ಬಂದವು. ಅನಂತರದ ಸ್ಥಿರ ಆವೃತ್ತಿ 3.13.0 ಹೊರಬೀಳಲು 2024ರ ಜುಲೈವರೆಗೆ ಕಾಯಬೇಕಾಯಿತು. ಆ ಮೂರು ವರ್ಷಗಳಲ್ಲಿ ಕೆಲಸ ನಿಂತಿರಲಿಲ್ಲ. ತಿದ್ದುಪಡಿಗಳು 'ನೈಟ್ಲಿ' ಎಂಬ ಪರೀಕ್ಷಾರ್ಥ ರೂಪದಲ್ಲಿ ಲಭ್ಯವಿದ್ದವು. ಆದರೆ ಸ್ಥಿರ ಆವೃತ್ತಿಯನ್ನಷ್ಟೇ ಬಳಸುವವರಿಗೆ, ಎಂದೋ ತಿದ್ದಿದ ದೋಷವೂ ತಿದ್ದದೆ ಉಳಿದಂತೆಯೇ ಕಂಡಿತು. ದೋಷ ತಿದ್ದುವುದು ಒಂದು ಕೆಲಸ, ತಿದ್ದಿದ್ದನ್ನು ಮೂರೂ ಬಗೆಯ ಗಣಕಗಳಿಗೆ ಕಟ್ಟಿ, ಪರೀಕ್ಷಿಸಿ, ತಲುಪಿಸುವುದು ಇನ್ನೊಂದು ಕೆಲಸ. ಬಿಡುವಿನ ವೇಳೆಯಲ್ಲಿ ದುಡಿಯುವವರಿಗೆ ಎರಡನೆಯದೇ ಹೆಚ್ಚು ಭಾರ. 2024ರ ಅಕ್ಟೋಬರ್‌ನಲ್ಲಿ 3.13.1 ಬಿಡುಗಡೆಯಾಯಿತು.

ಬಳಕೆದಾರರು ಗಮನಿಸಬೇಕಾದುದು

ಯಾವುದೇ ತಿದ್ದುಪಡಿಗೆ ಮುನ್ನ ಕಡತದ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಳ್ಳಬೇಕು. ಪ್ರತಿ ತೆಗೆಯುವಾಗ ಆ ಕಡತವನ್ನು ಬಳಸುತ್ತಿರುವ ತಂತ್ರಾಂಶಗಳನ್ನೆಲ್ಲ ಮುಚ್ಚಬೇಕು. ಪಕ್ಕದಲ್ಲಿ ಅದೇ ಹೆಸರಿಗೆ 'ವಾಲ್' ಎಂಬ ಬಾಲ ಸೇರಿದ ಕಡತ ಇನ್ನೂ ಉಳಿದಿದ್ದರೆ ಅದನ್ನೂ ಜತೆಯಲ್ಲೇ ನಕಲಿಸಬೇಕು. ಇತ್ತೀಚಿನ ತಿದ್ದುಪಡಿಗಳು ಅದರಲ್ಲಿಯೇ ಇರುವ ಸಾಧ್ಯತೆ ಉಂಟು. ಕಡತ ಕೆಟ್ಟಿದೆಯೆಂಬ ಅನುಮಾನ ಬಂದರೆ ಎಸ್‌ಕ್ಯೂಲೈಟ್‌ನ 'ಇಂಟೆಗ್ರಿಟಿ ಚೆಕ್' ಆದೇಶದಿಂದ ಅದನ್ನು ಪರೀಕ್ಷಿಸಬಹುದು.

ದೋಷ ಕಂಡುಬಂದಾಗ ಅದನ್ನು ತಿಳಿಸುವುದಕ್ಕೂ ಒಂದು ಕ್ರಮವಿದೆ. ತಂತ್ರಾಂಶದ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ದೋಷ ಮರುಕಳಿಸಲು ಅನುಸರಿಸಬೇಕಾದ ಹೆಜ್ಜೆಗಳು, ನಿರೀಕ್ಷಿಸಿದ್ದೇನು ಮತ್ತು ಆದದ್ದೇನು ಎಂಬ ವಿವರಗಳು ಇರಬೇಕು. 'ಕೆಲಸ ಮಾಡುತ್ತಿಲ್ಲ' ಎಂಬ ಒಂದೇ ಸಾಲಿನಿಂದ ನಿರ್ಮಾಪಕರಿಗೆ ಏನೂ ತಿಳಿಯದು. ಮಾದರಿಯಾಗಿ ಕಳುಹಿಸುವ ಕಡತದಲ್ಲಿ ಗ್ರಾಹಕರ ಅಥವಾ ರೋಗಿಗಳ ಹೆಸರು, ದೂರವಾಣಿ ಸಂಖ್ಯೆಗಳು ಇರಕೂಡದು. ಅದೇ ರಚನೆಯ ಕೃತಕ ಕಡತವೊಂದನ್ನು ಸಿದ್ಧಪಡಿಸಿ ಕಳುಹಿಸಬೇಕು.

ಡಿಬಿ ಬ್ರೌಸರ್‌ನ ಆಕರ ಸಂಕೇತಗಳು ಮೊಜಿಲ್ಲಾ ಸಾರ್ವಜನಿಕ ಪರವಾನಗಿ ಹಾಗೂ ಜಿಪಿಎಲ್ ಅಡಿಯಲ್ಲಿ ಮುಕ್ತವಾಗಿವೆ. ಸಿ ಪ್ಲಸ್ ಪ್ಲಸ್ ಭಾಷೆ ಮತ್ತು ಕ್ಯೂಟಿ ಚೌಕಟ್ಟನ್ನು ಬಲ್ಲವರು ತಾವೇ ದೋಷ ತಿದ್ದಿ ಕಳುಹಿಸಬಹುದು. ಅದು ಬಾರದವರು ಅನುವಾದದಲ್ಲಿ, ಪರೀಕ್ಷೆಯಲ್ಲಿ ಅಥವಾ ದೋಷಗಳ ಸ್ಪಷ್ಟ ವರದಿ ಬರೆಯುವುದರಲ್ಲಿ ನೆರವಾಗಬಹುದು. ಪಿಯಾಸೆಂಟಿನಿಯವರು ಬಿಟ್ಟುಕೊಟ್ಟ ತಂತ್ರಾಂಶ ಇಂದಿಗೂ ಬಳಕೆಯಲ್ಲಿ ಉಳಿದಿರುವುದು ಇಂಥ ಸಣ್ಣ ಸಣ್ಣ ಕೊಡುಗೆಗಳಿಂದಲೇ.