ವಂಶಾವಳಿಗೆ ಮುದ್ರೆ ಸಾಕೇ? ಕೋಲಾರ ಸೀಮೆಯ ನಿದರ್ಶನ

ವಂಶಾವಳಿಯನ್ನು ಹೇಳುವುದೂ ಬರೆದಿಡುವುದೂ ಕನ್ನಡ ನಾಡಿನಲ್ಲಿ ಬಹು ಹಿಂದಿನಿಂದ ಬಂದ ವೃತ್ತಿ. ಸಂಭಾವನೆ ಪಡೆದು ಅನ್ಯರ ಪೂರ್ವಜರನ್ನು ಶೋಧಿಸಿಕೊಡುವ ಇಂದಿನ ವೃತ್ತಿನಿರತರಿಗೆ ಸರ್ಕಾರ ಪರವಾನಗಿ ನೀಡಬೇಕೇ, ಅಥವಾ ಅವರೇ ತಮ್ಮ ನಿಯಮಗಳನ್ನು ರೂಪಿಸಿಕೊಂಡರೆ ಸಾಕೇ ಎಂಬ ಪ್ರಶ್ನೆ ಹೊಸದಾಗಿ ತೋರಬಹುದು. ಆದರೆ ಇದರ ಬೇರು ಹಳೆಯದು. ಈ ಪ್ರಶ್ನೆಯನ್ನು ವಿಚಾರಿಸಲು ಕೋಲಾರ ಸೀಮೆಗಿಂತ ತಕ್ಕ ನೆಲ ಇನ್ನೊಂದಿಲ್ಲ.

ಕೋಲಾರವು ತಲಕಾಡಿಗಿಂತ ಮೊದಲು ಗಂಗರ ರಾಜಧಾನಿಯಾಗಿದ್ದ ಕುವಲಾಲಪುರ. ಗಂಗರ ತಾಮ್ರಪಟಗಳಲ್ಲಿ ರಾಜವಂಶಾವಳಿ ವಿಸ್ತಾರವಾಗಿ ಬರುತ್ತದೆ. ಪಟಗಳನ್ನು ಬಂಧಿಸಿದ ಬಳೆಯ ಮೇಲೆ ಆನೆಯ ಮುದ್ರೆ ಇರುತ್ತದೆ. ಪ್ರಭುತ್ವದ ಪರವಾನಗಿಗೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಹೀಗಿದ್ದೂ ಜೆ. ಎಫ್. ಫ್ಲೀಟ್ ಇವುಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಿರಸ್ಕರಿಸಿದರು, ಬಿ. ಎಲ್. ರೈಸ್ ಅವುಗಳ ಪರವಾಗಿ ನಿಂತರು. ಲಿಪಿಯ ಕಾಲ, ತಿಥಿಗಳ ಹೊಂದಾಣಿಕೆ, ಹೆಸರುಗಳ ಅನುಕ್ರಮ ಇವುಗಳ ಮೇಲೆ ದಶಕಗಳ ಕಾಲ ವಾದ ನಡೆಯಿತು. ಕಡೆಗೆ ಪೆನುಗೊಂಡೆಯ ತಾಮ್ರಪಟವನ್ನು ಫ್ಲೀಟರೇ ನೈಜವೆಂದು ಒಪ್ಪಿದರು. ಒಪ್ಪಿಗೆ ದೊರೆತದ್ದು ಮುದ್ರೆಯ ಬಲದಿಂದಲ್ಲ, ಪರೀಕ್ಷೆಯ ಬಲದಿಂದ. ಮುದ್ರೆಯನ್ನು ನಕಲು ಮಾಡಬಹುದು. ಎಲ್ಲರ ಕಣ್ಣೆದುರಿಗಿಟ್ಟ ಸಾಕ್ಷ್ಯವನ್ನು ಬಹುಕಾಲ ನಕಲು ಮಾಡಲಾಗದು.

ಅರಮನೆಯ ಹೊರಗೆ ಈ ವೃತ್ತಿಯನ್ನು ನಡೆಸಿದವರು ಹೆಳವರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥವು ಬಳ್ಳಾರಿ, ಮೈಸೂರು ಮುಂತಾದ ಕಡೆಗಳಲ್ಲಿ ಇವರನ್ನು ಗ್ರಾಮಚರಿತ್ರೆಯ ರಕ್ಷಕರೆಂದು ಗುರುತಿಸುತ್ತದೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬಂದು, ಮನೆಮನೆಯ ಮುಂದೆ ಆ ಕುಲದ ಹಿರಿಯರನ್ನೂ ಕಾಳಗದಲ್ಲಿ ಮಡಿದ ವೀರರನ್ನೂ ಹೆಸರಿಸಿ ಕಾಣಿಕೆ ಪಡೆಯುವುದು ಇವರ ಕ್ರಮ. ಒಕ್ಕಲು ಮನೆತನಗಳು ಹೆಳವರಲ್ಲಿ ವಂಶಪಾರಂಪರ್ಯವಾಗಿ ಹಂಚಿಕೆಯಾಗಿದ್ದವು. ಯಾವ ಸರ್ಕಾರವೂ ಇವರಿಗೆ ಸನದು ಕೊಟ್ಟಿರಲಿಲ್ಲ. ಜಗಲಿಯ ಮೇಲೆ ಕುಳಿತು ಕೇಳುವ ಹಿರಿಯರಿಗೆ ಮೂರು ತಲೆಮಾರಿನ ಹೆಸರುಗಳು ಗೊತ್ತಿದ್ದವು. ತಪ್ಪಿದ ಹೆಸರು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಇದು ಸ್ವಯಂನಿಯಂತ್ರಣ ಹೌದು. ಆದರೆ ಅದನ್ನು ಕಾಯುತ್ತಿದ್ದುದು ಕೇಳುಗರ ತಿಳಿವಳಿಕೆ. ಆ ತಿಳಿವಳಿಕೆಗೂ ಮೇರೆಯಿತ್ತು: ಕಾಣಿಕೆ ಕೊಡುವ ಮನೆಯ ಹೊಗಳಿಕೆ ಬೆಳೆಯದಂತೆ ತಡೆಯುವವರು ಇರಲಿಲ್ಲ.

ಊರು ಬಿಟ್ಟು ಬಂದವರಿಗೆ ಈ ಕಾವಲೂ ಇಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗಳನ್ನು ವಹಿಸಿಕೊಂಡ ಮೇಲೆ, ಇಂದಿನ ಬಂಗಾರಪೇಟೆಯಾದ ಬೌರಿಂಗ್‌ಪೇಟೆಯ ಹಾದಿಯಾಗಿ ಸಾವಿರಾರು ಜನ ಕೆಜಿಎಫ್‌ಗೆ ಬಂದು ನೆಲೆಸಿದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಕೂಲಿಕಾರರು, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು, ಆಂಗ್ಲೋ ಇಂಡಿಯನ್ನರು ಅವರಲ್ಲಿದ್ದರು. ಆ ಕಾಲದ ಆಂಗ್ಲಿಕನ್ ಚರ್ಚುಗಳ ದೀಕ್ಷಾಸ್ನಾನ, ವಿವಾಹ, ಸಮಾಧಿ ದಾಖಲೆಗಳ ಪ್ರತಿಗಳು ಪ್ರೆಸಿಡೆನ್ಸಿಗಳ ಮೂಲಕ ಲಂಡನ್ನಿಗೆ ಸೇರುತ್ತಿದ್ದವು. ಕಾರ್ನ್‌ವಾಲ್ ಮೂಲದವನ ಮರಿಮಗನಿಗೆ ಅಲ್ಲಿ ಒಂದು ಎಳೆ ಸಿಗಬಹುದು. ಸುರಂಗಕ್ಕಿಳಿದ ದಲಿತ ಕಾರ್ಮಿಕನ ಹೆಸರನ್ನು ಬರೆದುಕೊಂಡದ್ದು ಹೆಚ್ಚಾಗಿ ದುಡಿಮೆಯ ಲೆಕ್ಕಕ್ಕಾಗಿ, ಕಾವಲಿಗಾಗಿ. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮದ ವಿರುದ್ಧ ಗಣಿಕಾರ್ಮಿಕರು ಮುಷ್ಕರ ಹೂಡಿದ್ದು ಈ ಕಾರಣದಿಂದಲೇ ಸಹಜವಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇಂಥ ಕುಟುಂಬದವರು ಶೋಧಕನಿಗೆ ಹಣ ಕೊಟ್ಟರೆ, ಅವನು ತಂದ ಹೆಸರನ್ನು ಸರಿಯೋ ತಪ್ಪೋ ಎಂದು ಹೇಳಬಲ್ಲ ಹಿರಿಯರು ಜಗಲಿಯಲ್ಲಿಲ್ಲ.

ಪಶ್ಚಿಮ ದೇಶಗಳು ಈ ಕೊರತೆಗೆ ಸಂಘಗಳ ಮೂಲಕ ಪರಿಹಾರ ಹುಡುಕಿದವು. ಅಮೆರಿಕದಲ್ಲಿ 1964ರಲ್ಲಿ ವಂಶಶೋಧಕರಿಗೆ ಅರ್ಹತಾಪತ್ರ ನೀಡುವ ಮಂಡಳಿಯೊಂದು ಹುಟ್ಟಿತು. ಬ್ರಿಟನ್ನಿನಲ್ಲಿ 1968ರಲ್ಲಿ ವೃತ್ತಿಸಂಘವೊಂದು ಸ್ಥಾಪನೆಯಾಯಿತು. ಇವು ಸರ್ಕಾರದ ಪರವಾನಗಿಗಳಲ್ಲ; ಸದಸ್ಯರ ಕೆಲಸವನ್ನು ಸಹವೃತ್ತಿಯವರೇ ಪರೀಕ್ಷಿಸುವ ವ್ಯವಸ್ಥೆಗಳು. ಕರ್ನಾಟಕದಲ್ಲಿ ಸರ್ಕಾರದ ಮುದ್ರೆ ಬೀಳುವುದು ಶೋಧಕನ ಮೇಲಲ್ಲ, ವಂಶವೃಕ್ಷದ ಮೇಲೆಯೇ. ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷ ದೃಢೀಕರಣಕ್ಕೆ ಆಧಾರ ಅರ್ಜಿದಾರರ ಹೇಳಿಕೆ, ಸ್ಥಳವಿಚಾರಣೆ. ಒಬ್ಬ ಮಗಳ ಹೆಸರು ಅಲ್ಲಿ ಬಿಟ್ಟುಹೋದರೆ ಅವಳ ಪಾಲಿಗೇ ಸಂಚಕಾರ. ಮುದ್ರೆ ಬಿದ್ದ ತಪ್ಪು ಮುದ್ರೆಯಿಲ್ಲದ ತಪ್ಪಿಗಿಂತ ಅಪಾಯಕಾರಿ. ಅದನ್ನು ಅಳಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಆದುದರಿಂದ ಪರವಾನಗಿಯೊಂದೇ ವಂಶಾವಳಿಯನ್ನು ಸತ್ಯವಾಗಿಸದು. ಕೇಳುಗರಿಲ್ಲದೆಡೆ ಸಂಘದ ನಿಯಮವೊಂದೇ ಸಾಲದು. ಪ್ರತಿಯೊಂದು ಹೆಸರಿಗೂ ಆಧಾರವನ್ನು ತೋರಿಸುವುದು, ಆಧಾರವಿಲ್ಲದೆಡೆ ಸ್ಥಳವನ್ನು ಖಾಲಿ ಬಿಡುವುದು ಶೋಧಕನ ಧರ್ಮ. ಆ ಆಧಾರಗಳು ಗೆದ್ದಲು ಹಿಡಿಯದಂತೆ ಉಳಿಸಿ, ಗಣಿಕಾರ್ಮಿಕರ ಮಕ್ಕಳಿಗೂ ತೆರೆದಿಡುವುದು ಸರ್ಕಾರದ ಧರ್ಮ. ಎರಡನೆಯದು ನಡೆಯದೆ ಮೊದಲನೆಯದನ್ನು ಯಾರಿಂದಲೂ ಅಪೇಕ್ಷಿಸಲಾಗದು.