ಮಣಿಕಟ್ಟಿಗೆ ಒಪ್ಪಿದ ಲೋಹಜಾಲ

ಕೈಗಡಿಯಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಒಳಗಿನ ಯಂತ್ರದ ಚರಿತ್ರೆಯನ್ನೇ ಬರೆಯುತ್ತಾರೆ. ಆ ಯಂತ್ರವನ್ನು ಮಣಿಕಟ್ಟಿನ ಮೇಲೆ ನಿಲ್ಲಿಸುವ ಪಟ್ಟಿಯ ಮಾತನ್ನು ಎತ್ತುವವರು ವಿರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯ ಮಟ್ಟಿಗೆ ಹೇಳುವುದಾದರೆ ಈ ಕ್ರಮವನ್ನು ತಿರುಗಿಸಿ ಬರೆಯುವುದೇ ನ್ಯಾಯವೆಂದು ನನಗೆ ತೋರುತ್ತದೆ. ಏಕೆಂದರೆ ಗಡಿಯಾರವು ಇಲ್ಲಿಗೆ ಸಿದ್ಧವಸ್ತುವಾಗಿ ಹೊರಗಿನಿಂದ ಬಂದಿತು. ಮೊದಲು ಸ್ವಿಟ್ಜರ್ಲೆಂಡಿನಿಂದ ಮುಂಬಯಿಯ ಮಾರ್ಗವಾಗಿ, ಆಮೇಲೆ ಬೆಂಗಳೂರಿನಿಂದ, ಕಡೆಗೆ ನೆರೆಯ ತುಮಕೂರಿನಿಂದ. ಆದರೆ ಅದನ್ನು ಕಟ್ಟಿಕೊಳ್ಳುವ ಪಟ್ಟಿಯು ಚರ್ಮದ್ದಾಗಬೇಕೆ ಲೋಹದ್ದಾಗಬೇಕೆ, ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲವಾಗಿರಬೇಕು ಎಂಬುದನ್ನು ನಿಶ್ಚಯಿಸಿದವರು ಈ ಊರುಗಳ ಜನರೇ, ಈ ಊರುಗಳ ಬಿಸಿಲೇ, ಇಲ್ಲಿಯ ಮಡಿಮೈಲಿಗೆಯ ಭಾವನೆಗಳೇ.

ಮಣಿಕಟ್ಟನ್ನು ಅಲಂಕರಿಸುವ ವಿದ್ಯೆ ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿದ್ದಿತು. ಶ್ರೀರಂಗಪಟ್ಟಣದ ಪತನಾನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಊರಿನ ಬಳೆಯ ಕೆಲಸವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಗಾಜು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದುದರಿಂದ ಅಳತೆಯೆಂಬುದು ಬಳೆಗಾರನ ಕಣ್ಣಿನಲ್ಲಿಯೂ ಬೆರಳಿನಲ್ಲಿಯೂ ಇರಬೇಕಾಗಿದ್ದಿತು. ಹೆಂಗಸರ ಕೈಯನ್ನು ಹಿಡಿದು, ಹೆಬ್ಬೆರಳಿನ ಬುಡದ ಎಲುಬನ್ನು ಮೆಲ್ಲನೆ ಅಂಗೈಯೊಳಕ್ಕೆ ಒತ್ತಿ, ನೋವಾಗದಂತೆ ಬಳೆಯನ್ನು ಏರಿಸಿ, ಏರಿದ ಬಳೆಯು ಜಾರಿ ಬೀಳದಂತೆಯೂ ಕೈಯನ್ನು ಹಿಂಡದಂತೆಯೂ ನೋಡಿಕೊಳ್ಳುತ್ತಿದ್ದ ಆ ಬಳೆಗಾರನೇ, ನನ್ನ ದೃಷ್ಟಿಯಲ್ಲಿ, ಇಂದು ಪೇಟೆಯ ಬೀದಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ವಾಚಿನ ಚೈನು ಹೊಂದಿಸುವವನ ಹಿರಿಯ.

ತಂತಿಯನ್ನು ಹೆಣೆದು ಪಟ್ಟಿಮಾಡುವ ಕೆಲಸವೂ ಇಲ್ಲಿಗೆ ಅಪರಿಚಿತವಾಗಿರಲಿಲ್ಲ. ಬೆಳ್ಳಿಯ ಉಡಿದಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಕ್ಕಸಾಲಿಯು ಬೆಳ್ಳಿಯ ಕಡ್ಡಿಯನ್ನು ಕಂಬಿಯಚ್ಚಿನ ರಂಧ್ರಗಳಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ, ಮರಳಿ ಮರಳಿ ಎಳೆದು ಸಣ್ಣಗೆ ಮಾಡುತ್ತಾನೆ. ಆ ತಂತಿಯನ್ನು ಕಡ್ಡಿಗೆ ಸುತ್ತಿ, ಕತ್ತರಿಸಿ, ಉಂಗುರಗಳನ್ನಾಗಿಸಿ, ಬಿಳಿಗಾರವನ್ನು ಹಚ್ಚಿ ಊದುಕೊಳವೆಯಿಂದ ಅಗ್ಗಿಷ್ಟಿಕೆಯ ಕೆಂಡವನ್ನು ಊದಿ ಬೆಸೆಯುತ್ತಾನೆ. ಬೆಸೆದ ಉಂಗುರವನ್ನು ಅದುಮಿ ಮತ್ತೊಂದರೊಳಗೆ ತೂರಿಸುತ್ತ ಹೋದಂತೆ, ಲೋಹವೆಂಬ ಕಾಠಿಣ್ಯವು ಕಾಣದಂತಾಗಿ, ಸೊಂಟದ ಸುತ್ತ ನೂಲಿನಂತೆ ಬಳುಕುವ ದಾರವು ಸಿದ್ಧವಾಗುತ್ತದೆ. ಗಂಡುಮಗುವಿನ ಮೈಮೇಲೆ ಅಹೋರಾತ್ರಿ ಇದ್ದೂ ಚರ್ಮವನ್ನು ಗೀರದ ಲೋಹವು ಇರಬಲ್ಲದೆಂಬ ಅನುಭವವನ್ನು ಈ ಜನ ಸ್ವಿಸ್ ವಾಚನ್ನು ಕಾಣುವುದಕ್ಕೆ ಬಹು ಪೂರ್ವದಲ್ಲಿಯೇ ಪಡೆದಿದ್ದರು.

ಕಾಲವನ್ನು ಜಾವವೆಂದೂ ಗಳಿಗೆಯೆಂದೂ ಎಣಿಸುತ್ತಿದ್ದ ನಾಡಿಗೆ ನಿಮಿಷವನ್ನು ತಂದುದು ಮುಖ್ಯವಾಗಿ ರೈಲು. ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಅಷ್ಟು ಸ್ಥೂಲವಾದ ಮಾನದಿಂದ ಗಾಡಿಗಳು ಓಡಲಾರವು. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ದಾರಿಯು ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಈ ಸೀಮೆಯ ಪಶ್ಚಿಮದ ಅಂಚನ್ನು ಹಾಯ್ದುಹೋದಾಗ ಹೊಳಲ್ಕೆರೆಗೂ ಹೊಸದುರ್ಗ ರಸ್ತೆಗೂ ನಿಲ್ದಾಣಗಳಾದವು. ಮುಂದೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲುದಾರಿ ಬಂದಿತು. ರೈಲಿನವರು ಮೊದಲು ಮದ್ರಾಸಿನ ವೇಳೆಯನ್ನು ಅನುಸರಿಸುತ್ತಿದ್ದರು. 1906ರಿಂದ ಇಂದು ನಾವು ಬಳಸುವ ಭಾರತೀಯ ವೇಳೆಯು ಆಚರಣೆಗೆ ಬಂದಿತು. ಅತ್ತ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಆಗ ಇದೇ ಜಿಲ್ಲೆಗೆ ಸೇರಿದ್ದು 1997ರಲ್ಲಿ ಪ್ರತ್ಯೇಕವಾದ ದಾವಣಗೆರೆಯಲ್ಲಿ ಹತ್ತಿಯ ಗಿರಣಿಗಳು ಎದ್ದುವು. ಸ್ಟೇಷನ್ನು, ಕಚೇರಿ, ಶಾಲೆ, ಗಿರಣಿ, ಇವುಗಳೆಲ್ಲ ಕೂಡಿ ಗಡಿಯಾರವನ್ನು ಶ್ರೀಮಂತರ ಭೂಷಣವೆಂಬ ಸ್ಥಿತಿಯಿಂದ ಉದ್ಯೋಗಸ್ಥನ ಸಾಧನವೆಂಬ ಸ್ಥಿತಿಗೆ ಇಳಿಸಿದುವು. ಇಳಿಸಿದುವು ಎನ್ನುವುದಕ್ಕಿಂತ ಏರಿಸಿದುವು ಎಂದರೂ ಸಲ್ಲುತ್ತದೆ.

ಭಾರತದಲ್ಲಿ ಸ್ವಿಸ್ ಗಡಿಯಾರದ ವ್ಯಾಪಾರ ಹಳೆಯದು. ಫಾವ್ರೆ-ಲ್ಯೂಬಾ ಸಂಸ್ಥೆಯು 1865ರ ವೇಳೆಗೇ ಇಲ್ಲಿಗೆ ಬಂದಿತು. 1886ರಲ್ಲಿ ಸ್ಥಾಪಿತವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಗಡಿಯಾರಗಳು ರೈಲ್ವೆಯವರಲ್ಲಿಯೂ ಸೈನಿಕರಲ್ಲಿಯೂ ಬಳಕೆಯಾದುವು. ಅವು ಮೊದಲು ಅಂಗಿಯ ಜೇಬಿನಲ್ಲಿ ಸರಪಣಿಯ ತುದಿಗೆ ತೂಗಿದುವು. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಜೇಬಿನಿಂದ ಗಡಿಯಾರವನ್ನು ತೆಗೆದು ನೋಡುವುದಕ್ಕೆ ಅವಕಾಶವಿಲ್ಲದಿದ್ದುದರಿಂದ ಅವು ಮಣಿಕಟ್ಟಿಗೆ ಏರಿದುವು. ಏರಿದುದು ಚರ್ಮದ ಪಟ್ಟಿಯ ಮೂಲಕ. ನಮ್ಮ ಸೀಮೆಯಲ್ಲಿ ಸಮಸ್ಯೆ ಹುಟ್ಟಿದುದು ಅಲ್ಲಿಯೇ.

ಸಮಸ್ಯೆಗೆ ಎರಡು ಮುಖಗಳಿದ್ದುವು. ಒಂದು ಬೆವರು. ಕಲ್ಲುಬೆಟ್ಟಗಳ ನಡುವೆ ಬೇಸಗೆಯನ್ನು ಕಳೆಯುವ ಈ ಊರುಗಳಲ್ಲಿ ಚರ್ಮದ ಬೆಲ್ಟು ಉಪ್ಪನ್ನು ಹೀರಿ, ನಾರಿ, ಬಿರುಕುಬಿಟ್ಟು, ಬಕ್ಕಲಿನ ಬಳಿ ಹರಿಯುತ್ತದೆ. ಇನ್ನೊಂದು, ಪೂಜೆಗೆ ಕುಳಿತಾಗ ಚರ್ಮವು ಮೈಮೇಲಿರಬಾರದೆಂಬ ನಿಷೇಧ. ಸ್ನಾನಕ್ಕೆ ಮೊದಲು ಬೆಲ್ಟನ್ನು ಬಿಚ್ಚಿಟ್ಟು, ಇಷ್ಟಲಿಂಗಪೂಜೆಯೋ ದೇವತಾರ್ಚನೆಯೋ ಊಟವೋ ಮುಗಿದಮೇಲೆಯೇ ಮತ್ತೆ ಕಟ್ಟಿಕೊಳ್ಳುತ್ತಿದ್ದ ಹಿರಿಯರಿದ್ದರು. ಲೋಹದ ಚೈನಿಗೆ ಈ ಅಡ್ಡಿ ಇರಲಿಲ್ಲ. ತೊಳೆದರೆ ಅದು ಶುದ್ಧ. ಈ ನಿಷೇಧವನ್ನು ನಾನು ಚರಿತ್ರೆಯ ಸಂಗತಿಯೆಂದು ಹೇಳುತ್ತಿರುವೆನೇ ಹೊರತು ಅದನ್ನು ಮೆಚ್ಚಿ ಹೇಳುತ್ತಿಲ್ಲ. ಚರ್ಮವನ್ನು ಅಶುದ್ಧವೆಂದು ಬಗೆದ ಸಮಾಜವು ಚರ್ಮವನ್ನು ಹದಮಾಡುವ ಕೈಗಳನ್ನೂ ದೂರವಿಟ್ಟಿತು. ಚರ್ಮದ ಕೆಲಸದ ಹರಳಯ್ಯನನ್ನೂ ಮಾದಾರ ಚೆನ್ನಯ್ಯನನ್ನೂ ಹನ್ನೆರಡನೆಯ ಶತಮಾನದ ಶರಣರು ತಮ್ಮವರೆಂದು ಆದರಿಸಿದ್ದರೂ, ಆ ಚೆನ್ನಯ್ಯನ ಹೆಸರಿನ ಗುರುಪೀಠವು ಚಿತ್ರದುರ್ಗದಲ್ಲಿಯೇ ಇದ್ದರೂ, ವಾಚಿನ ಬೆಲ್ಟಿನಂತಹ ಅಲ್ಪವಸ್ತುವಿನ ಆಯ್ಕೆಯಲ್ಲಿಯೂ ಆ ಹಳೆಯ ತಾರತಮ್ಯವು ನೆರಳಿನಂತೆ ಹಿಂಬಾಲಿಸಿದುದು ವ್ಯಥೆಯ ವಿಷಯ.

ಜಾಲರಿಯಂತೆ ಹೆಣೆದ ಲೋಹದ ಪಟ್ಟಿಗೆ ಯೂರೋಪಿನಲ್ಲಿ ಮಿಲಾನ್ ನಗರದ ಹೆಸರಿದೆ. ಉಂಗುರಗಳನ್ನು ಕೂಡಿಸಿ ಯೋಧರಿಗೆ ಕವಚಮಾಡುತ್ತಿದ್ದ ಕಮ್ಮಾರರ ಕೀರ್ತಿ ಆ ನಗರದ್ದು. ಆದರೆ ಆಧುನಿಕ ಕಾಲದಲ್ಲಿ ಈ ಪಟ್ಟಿಯನ್ನು ಯಂತ್ರದಿಂದ ಹೆಣೆದು ಲೋಕಕ್ಕೆ ಹಂಚಿದ ಕೇಂದ್ರಗಳಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣವು ಪ್ರಮುಖವಾದುದು. ಅಲ್ಲಿಯ ಅನಾಥಾಲಯದಲ್ಲಿ 1767ರಲ್ಲಿ ಗಡಿಯಾರ ಮತ್ತು ಆಭರಣಗಳ ಕಾರ್ಖಾನೆ ಆರಂಭವಾಯಿತು; 1945ರ ಫೆಬ್ರವರಿಯ ಒಂದು ರಾತ್ರಿಯ ಬಾಂಬುದಾಳಿಯಲ್ಲಿ ಆ ಪಟ್ಟಣದ ಬಹುಭಾಗ ಭಸ್ಮವಾಯಿತು; ಆದರೂ ಆ ಕಸುಬು ಅಲ್ಲಿ ಅಳಿಯಲಿಲ್ಲ. ಹೆಣಿಗೆಯ ವಿಧಾನ ನೋಡುವುದಕ್ಕೆ ಚೆಲುವಾದುದು. ತಂತಿಯನ್ನು ಚಪ್ಪಟೆಯಾದ ಸುರುಳಿಯಾಗಿ ಸುತ್ತುತ್ತಾರೆ. ಒಂದು ಸುರುಳಿಯ ಅಂಚಿಗೆ ಮತ್ತೊಂದು ಸುರುಳಿಯನ್ನು ತಿರುಪಿನಂತೆ ತಿರುವಿ ಸೇರಿಸುತ್ತಾರೆ. ಹೀಗೆ ನೂರಾರು ಸುರುಳಿಗಳು ಸೇರಿ ಬಟ್ಟೆಯಾದ ಮೇಲೆ ಅದನ್ನು ಉರುಳೆಗಳ ನಡುವೆ ಅದುಮಿ, ಅಂಚುಗಳನ್ನು ಕತ್ತರಿಸಿ, ತಂತಿಯ ತುದಿಗಳು ಚುಚ್ಚದಂತೆ ಬೆಸೆದು, ಉಜ್ಜಿ ಹೊಳಪು ಕೊಡುತ್ತಾರೆ. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ, ಚಿನ್ನಬೆಳ್ಳಿಗಳಿಗೆ ಮೀಸಲಾಗಿದ್ದ ಈ ಹೆಣಿಗೆಯು ಕ್ರಮೇಣ ಸಾಮಾನ್ಯನ ಕೈಗೂ ಎಟುಕಿತು.

ಈ ಸೀಮೆಯಲ್ಲಿ ಗಡಿಯಾರವು ಮನೆಮನೆಯ ವಸ್ತುವಾದುದು ಎಚ್ಎಂಟಿಯ ಕಾಲದಲ್ಲಿ. 1953ರಲ್ಲಿ ಸ್ಥಾಪಿತವಾಗಿದ್ದ ಆ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚುಗಳ ತಯಾರಿಕೆಗೆ ಕೈಹಾಕಿತು. 1970ರ ದಶಕದ ಕಡೆಯಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯನ್ನು ತೆರೆಯಿತು. ಹಿರಿಯೂರಿನವನು ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ತುಮಕೂರು ಸಿಕ್ಕುವುದರಿಂದ, ವಾಚೆಂಬುದು ಪರದೇಶದ ಪವಾಡವೆಂಬ ಭಾವನೆ ಆಗ ಕಳೆದುಹೋಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ ಎಂಬ ಹೆಸರುಗಳು ಮನೆಮಾತಾದುವು. ವರನಿಗೆ ಉಂಗುರದೊಡನೆ ವಾಚನ್ನೂ ಕೊಡುವ ರೂಢಿ ಬಲವಾಯಿತು. ನಿವೃತ್ತನಾಗುವ ಗುಮಾಸ್ತನಿಗೆ ಶಾಲು ಹೊದಿಸಿ ಕೊಡುತ್ತಿದ್ದುದೂ ವಾಚನ್ನೇ. ಮದುವೆಯ ವಾಚಿಗೆ ಚರ್ಮದ ಬೆಲ್ಟು ಸಲ್ಲದೆಂದು ಬೀಗರು ಚೈನನ್ನು ಹಾಕಿಸಿಯೇ ತರುತ್ತಿದ್ದರು. ಒಳಗೆ ಸ್ಪ್ರಿಂಗುಗಳಿದ್ದು ಎಳೆದರೆ ಹಿಗ್ಗುವ ಚೈನೂ, ಅಗಲವಾದ ಕೊಂಡಿಗಳ ಗೋಲ್ಡ್ ಚೈನೂ, ತಂತಿಯ ಹೆಣಿಗೆಯ ತೆಳುವಾದ ಚೈನೂ ಅಂಗಡಿಗಳ ಗಾಜಿನ ಪೆಟ್ಟಿಗೆಯೊಳಗೆ ಒಂದರ ಪಕ್ಕದಲ್ಲೊಂದು ತೂಗುತ್ತಿದ್ದುವು. ಹಿಗ್ಗುವ ಚೈನು ಮುಂಗೈಯ ಕೂದಲನ್ನು ಕಚ್ಚಿ ಎಳೆಯುತ್ತಿದ್ದಿತು; ಹಿತ್ತಾಳೆಯ ಮೇಲೆ ಚಿನ್ನದ ಬಣ್ಣವೇರಿಸಿದ ಚೈನು ಬೆವರಿಗೆ ಬಣ್ಣಗೆಟ್ಟು ಮಣಿಕಟ್ಟಿನ ಮೇಲೆ ಹಸಿರುಗಪ್ಪಿನ ಗುರುತನ್ನು ಬಿಡುತ್ತಿದ್ದಿತು; ಉಕ್ಕಿನ ತಂತಿಯ ಹೆಣಿಗೆಯೊಂದೇ ಗಾಳಿಯಾಡಿಸಿ, ಬೆವರನ್ನು ಹರಿಯಗೊಟ್ಟು, ಸಾಬೂನಿನ ನೀರಿಗೆ ಮತ್ತೆ ಹೊಸದಾಗುತ್ತಿದ್ದಿತು.

ಕ್ವಾರ್ಟ್ಸ್ ಗಡಿಯಾರಗಳು ಬಂದುವು; 1984ರಲ್ಲಿ ಟೈಟನ್ ಹುಟ್ಟಿತು; ದಿನಕ್ಕೊಮ್ಮೆ ಕೀ ಕೊಡುವ ಅಭ್ಯಾಸವು ತಪ್ಪಿಹೋಯಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಎಚ್ಎಂಟಿಯ ವಾಚುಗಳ ಘಟಕವನ್ನು ಮುಚ್ಚುವ ನಿರ್ಧಾರವನ್ನು ಕೈಗೊಂಡಿತು. ಮೊಬೈಲು ಬಂದ ಮೇಲೆ ವೇಳೆ ನೋಡುವುದಕ್ಕೆ ವಾಚೇ ಬೇಕಾಗಿಲ್ಲ. ಇಷ್ಟಾದರೂ ಹೆಣಿಗೆಯ ಚೈನು ಉಳಿದುಕೊಂಡಿದೆ; 2015ರಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಮೊದಲ ಕೈಗಡಿಯಾರಕ್ಕೆ ಮಿಲಾನಿನ ಹೆಸರಿನ ಪಟ್ಟಿಯೊಂದನ್ನು, ಅಯಸ್ಕಾಂತದಿಂದ ಅಂಟಿಕೊಳ್ಳುವಂತೆ ಮಾಡಿ, ಹೊರತಂದಿತು. ಅಜ್ಜನ ಪೆಟ್ಟಿಗೆಯಲ್ಲಿದ್ದ ಜನತಾ ವಾಚನ್ನು ತಂದು ಅದಕ್ಕೆ ಹೊಸ ಚೈನು ಹಾಕಿಸಿಕೊಳ್ಳುವ ತರುಣರನ್ನು ಕಂಡಾಗ ನನಗೆ ಆಗುವ ಸಂತೋಷವನ್ನು ಮರೆಮಾಚಲಾರೆ.

ಅಂತಹ ವಾಚಿಗೆ ಚೈನನ್ನು ಆರಿಸುವುದರಲ್ಲಿ ಬಲ್ಲ ರಿಪೇರಿಯವನ ಕ್ರಮ ಹೀಗಿರುತ್ತದೆ. ಮೊದಲು ವಾಚಿನ ಡಬ್ಬಿಯಲ್ಲಿ ಪಟ್ಟಿಯು ಸೇರುವ ಎರಡು ಕಿವಿಗಳ ನಡುವಣ ಅಂತರವನ್ನು ಅಳೆಯುತ್ತಾನೆ; ಹಳೆಯ ಗಂಡಸರ ವಾಚುಗಳಲ್ಲಿ ಅದು ಬಹುಮಟ್ಟಿಗೆ 18 ಮಿಲಿಮೀಟರು, ಇಂದಿನವುಗಳಲ್ಲಿ 20 ಅಥವಾ 22. ಒಂದು ಮಿಲಿಮೀಟರು ಕಡಮೆಯಾದರೆ ಚೈನು ಅತ್ತಿತ್ತ ಸರಿದು ಕಿವಿಯ ಒಳಮೈಯನ್ನು ಸವೆಸುತ್ತದೆ. ಒಂದು ಹೆಚ್ಚಾದರೆ ಕೂಡುವುದೇ ಇಲ್ಲ. ಬಳಿಕ ದಪ್ಪವನ್ನು ನೋಡುತ್ತಾನೆ. ತೆಳುವಾದ ಹಳೆಯ ವಾಚಿಗೆ ಒರಟು ಹೆಣಿಗೆಯ ಭಾರವಾದ ಚೈನು ಒಪ್ಪುವುದಿಲ್ಲ. ಭಾರವಾದ ವಾಚಿಗೆ ತೀರ ತೆಳುವಾದ ಚೈನನ್ನು ಕಟ್ಟಿದರೆ ವಾಚು ಮುಖವಿಳಿಸಿಕೊಂಡು ಮಣಿಕಟ್ಟಿನ ಕೆಳಕ್ಕೆ ತಿರುಗುತ್ತದೆ. ಹೆಣಿಗೆಯನ್ನು ಬೆರಳಿಗೆ ಸುತ್ತಿ ಅದು ಸಲೀಸಾಗಿ ಬಾಗುವುದೇ ಎಂದು ನೋಡಿ, ಅಂಚಿನ ಮೇಲೆ ಉಗುರನ್ನು ಎಳೆದು ತಂತಿಯ ತುದಿ ಎಲ್ಲಿಯಾದರೂ ತಡೆಯುವುದೇ ಎಂದು ಪರೀಕ್ಷಿಸಿದ ಮೇಲೆಯೇ ಅವನು ಹಳೆಯ ಪಟ್ಟಿಯನ್ನು ಬಿಚ್ಚುವುದು.

ಆಗ ಭೂತಗನ್ನಡಿ ಕಣ್ಣಿಗೇರುತ್ತದೆ. ಚೈನಿನ ತುದಿಯ ಕೊಳವೆಯೊಳಕ್ಕೆ ಸ್ಪ್ರಿಂಗ್ ಪಿನ್ನನ್ನು ತೂರಿಸಿ, ಒಂದು ತುದಿಯನ್ನು ಕಿವಿಯ ತೂತಿನಲ್ಲಿ ನಿಲ್ಲಿಸಿ, ಮತ್ತೊಂದನ್ನು ಸಣ್ಣ ಕವಲಿನ ಉಪಕರಣದಿಂದ ಒಳಕ್ಕೆ ಅದುಮಿ ಬಿಟ್ಟರೆ ಕ್ಷೀಣವಾದ ಒಂದು ಟಿಕ್ ಸದ್ದು ಕೇಳುತ್ತದೆ. ಕೇಳದಿದ್ದರೆ ಪಿನ್ನು ಕೂತಿಲ್ಲವೆಂದೇ ಅರ್ಥ. ಸದ್ದು ಕೇಳಿದ ಮೇಲೂ ಅವನು ಚೈನನ್ನು ಹಿಡಿದು ಬಲವಾಗಿ ಜಗ್ಗಿ ನೋಡುತ್ತಾನೆ, ಏಕೆಂದರೆ ಸವೆದ ಪಿನ್ನು ವಾಚನ್ನು ನೆಲಕ್ಕೆ ಹಾಕುವುದು ಬಸ್ಸಿನ ಕಂಬಿಯನ್ನು ಹಿಡಿಯುವ ಅವಸರದ ಗಳಿಗೆಯಲ್ಲಿಯೇ. ಕೊಂಡಿಗಳ ಚೈನಾದರೆ ಹೆಚ್ಚಾದ ಕೊಂಡಿಗಳನ್ನು ಕಳಚಿ ಗಿರಾಕಿಯ ಕೈಗೆ ಕೊಡಬೇಕು; ಹೆಣಿಗೆಯ ಚೈನಿನಲ್ಲಿ ಕಳಚುವುದಕ್ಕೆ ಕೊಂಡಿಗಳು ಸಾಮಾನ್ಯವಾಗಿ ಇರುವುದಿಲ್ಲ, ಕತ್ತರಿಸಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಆದುದರಿಂದ ಅಳತೆಯೆಲ್ಲವೂ ಜಾರುವ ಕೊಕ್ಕೆಯ ಮೇಲೆಯೇ ನಿಂತಿದೆ. ಚಪ್ಪಟೆಯಾದ ಸ್ಕ್ರೂಡ್ರೈವರಿನ ತುದಿಯಿಂದ ಕೊಕ್ಕೆಯ ಮುಚ್ಚಳವನ್ನು ಎತ್ತಿ, ಹೆಣಿಗೆಯ ಉದ್ದಕ್ಕೂ ಹಿಂದುಮುಂದಕ್ಕೆ ಸರಿಸಿ, ಹೆಣಿಗೆಯ ಸಾಲಿಗೆ ಅದನ್ನು ಸಮವಾಗಿ ನಿಲ್ಲಿಸಿ, ಮತ್ತೆ ಒತ್ತಿ ಮುಚ್ಚಬೇಕು. ಓರೆಯಾಗಿ ಮುಚ್ಚಿದರೆ ಹೆಣಿಗೆ ಜಖಂ ಆಗುತ್ತದೆ. ಅರೆಬರೆ ಮುಚ್ಚಿದರೆ ದಾರಿಯಲ್ಲಿ ಜಾರುತ್ತದೆ.

ಸ್ಥಳದ ವಿಷಯದಲ್ಲಿ ಅನುಭವಿಗಳ ಮಾತು ಒಂದೇ. ವಾಚು ಕೂಡಬೇಕಾದುದು ಮಣಿಕಟ್ಟಿನ ಹೊರಬದಿಯ ಉಬ್ಬಿದ ಎಲುಬಿಗಿಂತ ಮೇಲೆ, ಮೊಣಕೈಯ ಕಡೆಗೆ. ಕೈಯನ್ನು ಇಳಿಬಿಟ್ಟಾಗ ಅದು ಆ ಎಲುಬನ್ನು ದಾಟಿ ಅಂಗೈಯ ಕಡೆಗೆ ಬರಬಾರದು. ಚೈನಿಗೂ ಕೈಗೂ ನಡುವೆ ಕಿರುಬೆರಳೊಂದು ತೂರಬೇಕು. ಅಳತೆಯನ್ನು ಬೆಳಗಿನ ತಂಪಿನಲ್ಲಿ ತೆಗೆದುಕೊಂಡರೆ ಮಧ್ಯಾಹ್ನದ ಬಿಸಿಲಿಗೆ ಕೈ ಊದಿ ಚೈನು ಒತ್ತುತ್ತದೆ. ಚೈತ್ರ ವೈಶಾಖಗಳಲ್ಲಿ ಕೊಕ್ಕೆಯನ್ನು ಒಂದು ಸಾಲು ಸಡಿಲಿಸಿ, ಮಾಗಿಯಲ್ಲಿ ಮತ್ತೆ ಒಂದು ಸಾಲು ಬಿಗಿಸಿಕೊಳ್ಳಿರೆಂದು ಹೇಳಿ, ಸರಿಸುವ ರೀತಿಯನ್ನು ಗಿರಾಕಿಗೆ ತನ್ನೆದುರಿಗೇ ಒಮ್ಮೆ ಮಾಡಿಸಿ ನೋಡಿದ ಮೇಲೆಯೇ ಒಳ್ಳೆಯ ಕೆಲಸಗಾರನು ಹಣವನ್ನು ತೆಗೆದುಕೊಳ್ಳುತ್ತಾನೆ.