ಸಂಪತ್ತು ತೆರಿಗೆ (ಭಾರತ)

ಆದಾಯವನ್ನಲ್ಲ, ನಿವ್ವಳ ಆಸ್ತಿಯನ್ನೇ ಲೆಕ್ಕಹಾಕಿ ವರ್ಷಕ್ಕೊಮ್ಮೆ ವಿಧಿಸುತ್ತಿದ್ದ ನೇರ ತೆರಿಗೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಶಿಫಾರಸಿನಂತೆ 1957ರಲ್ಲಿ ಬಂದ ಇದನ್ನು 2015ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ರದ್ದುಮಾಡಿದರು. ಖರ್ಚು ಹೆಚ್ಚು, ವಸೂಲಿ ಕಡಿಮೆ ಎಂಬುದು ಅವರು ಕೊಟ್ಟ ಕಾರಣ. 2013-14ರಲ್ಲಿ ಸಂಗ್ರಹವಾದದ್ದು 1,008 ಕೋಟಿ ರೂಪಾಯಿ. ಆದರೆ ವಸೂಲಿ ಕುಗ್ಗಿದ್ದು ಕಾನೂನೇ ಬಾಗಿಲು ತೆರೆದಿಟ್ಟಿದ್ದರಿಂದ. 1993ರಿಂದ ಷೇರು, ಬ್ಯಾಂಕ್ ಠೇವಣಿಗಳನ್ನು ತೆರಿಗೆಯಿಂದ ಹೊರಗಿಡಲಾಯಿತು. ಕೊನೆಯ ವರ್ಷಗಳಲ್ಲಿ, ಒಂದೆರಡು ಕಾರು, ಒಂದಿಷ್ಟು ಒಡವೆ, ನಗರದಲ್ಲೊಂದು ದೊಡ್ಡ ಖಾಲಿ ನಿವೇಶನ ಇದ್ದವರು ಅವುಗಳ ನಿವ್ವಳ ಮೌಲ್ಯ 30 ಲಕ್ಷ ರೂಪಾಯಿ ದಾಟಿದರೆ, ಹೆಚ್ಚುವರಿ ಮೊತ್ತಕ್ಕೆ 1% ತೆರಬೇಕಿತ್ತು. ಸಾವಿರಾರು ಕೋಟಿಯ ಷೇರು ಹೊಂದಿದ ಕಂಪನಿ ಪ್ರವರ್ತಕರು ಆ ಷೇರುಗಳಿಗಾಗಿ ಬಿಡಿಗಾಸೂ ಕೊಡಬೇಕಿರಲಿಲ್ಲ. ಹೀಗೆ ತಪ್ಪಿಸಿಕೊಳ್ಳಲು ಕಾನೂನು ಮುರಿಯುವ ಅಗತ್ಯವೇ ಇರಲಿಲ್ಲ.

ಆಸ್ತಿಯ ಬೆಲೆ ಕಟ್ಟುವುದು ಕಷ್ಟ ಎಂಬ ಆಕ್ಷೇಪ ಒಡವೆ, ನಿವೇಶನಗಳ ಮಟ್ಟಿಗೆ ನಿಜ. ಷೇರುಪೇಟೆಯ ಪಟ್ಟಿಯಲ್ಲಿರುವ ಷೇರುಗಳ ಬೆಲೆಯಾದರೋ ದಿನವೂ ಪ್ರಕಟವಾಗುತ್ತದೆ, ಬಿಟ್ಟದ್ದು ಅವನ್ನೇ. ಬಂಡವಾಳ ದೇಶಬಿಟ್ಟು ಹೋದೀತೆಂಬ ಭಯ ಹೆಚ್ಚು ಗಂಭೀರವಾದದ್ದು, ಆದರೆ ಅದು ದೇಶದೇಶಗಳ ನಡುವೆ ಮಾಹಿತಿ ಹಂಚಿಕೆಯನ್ನು ಬಿಗಿಗೊಳಿಸಲು ಕಾರಣವಾಗಬೇಕೇ ಹೊರತು ತೆರಿಗೆಯನ್ನೇ ಕೈಬಿಡಲು ಅಲ್ಲ. ಸಂಪತ್ತು ತೆರಿಗೆಯ ಬದಲಿಗೆ ಬಂದದ್ದು ಒಂದು ಕೋಟಿ ಮೀರಿದ ಆದಾಯದವರ ತೆರಿಗೆಯ ಮೇಲೆ 2% ಹೆಚ್ಚುವರಿ ಸರ್‌ಚಾರ್ಜ್. ಮಾರದೆ ಇಟ್ಟುಕೊಂಡ ಷೇರಿನ ಬೆಲೆಯೇರಿಕೆ ಆದಾಯವೆನಿಸದು; ಆದ್ದರಿಂದ ಸರ್‌ಚಾರ್ಜಿನ ಹೊರೆ ಬಿದ್ದದ್ದು ದೊಡ್ಡ ಆದಾಯದವರ ಮೇಲೆ, ದೊಡ್ಡ ಆಸ್ತಿಯ ಮೇಲಲ್ಲ. ಪಿತ್ರಾರ್ಜಿತ ಸಂಪತ್ತಿನ ಮೇಲಿದ್ದ ಎಸ್ಟೇಟ್ ಡ್ಯೂಟಿಯಂತೂ 1985ರಲ್ಲೇ ಹೋಗಿತ್ತು.